ತೊಗರಿಗೆ ಬಿದ್ದ ಔಷಧಿ

ವೀ ವಾ,
ಫೆಬ್ರವರಿ ೧೧

ಪ್ರೀತಿಯ ತಮ್ಮ ಇಯನ್,

ನಿನ್ನ ಕೆಮ್ಮು ಹೇಗಿದೆ? ಗಣಿಯ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ, ಇಲ್ಲ ಚೆಂದ ಕಾಣುವುದಿಲ್ಲವೆಂದು ಬಿಟ್ಟಿದ್ದೀಯೋ? ನಾನು ಗಟ್ಟಿಯಾಗಿದ್ದೇನೆ. ಹತ್ತಿ ಸೊಂಟದೆತ್ತರ ಬೆಳೆದು ಕಾಯಿ ಕಟ್ಟುತ್ತಿದೆ. ಫೋನು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ಈ ಮನೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ಅಪ್ಪನ ಕಿವಿಗೆ ಬೀಳುತ್ತದೆ.

ಕಳೆದ ವಾರ ಒಂದು ಬೆಳಿಗ್ಗೆ ಕಾಲುವೆಯ ನೀರು ತಿರುಗಿಸಿ ಬರುತ್ತಿದ್ದೆ. ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ನೋಡಿದರೆ ಅಪ್ಪ ಔಷಧಿ ಹೊಡೆಯುವ ಯಂತ್ರ ಸಿಕ್ಕಿಸಿಕೊಂಡು ತೊಗರಿ ಹೊಲದಲ್ಲಿದ್ದಾನೆ! ಹುಳ ತಿನ್ನಲೆಂದೇ ನಾವು ಬಿಟ್ಟಿರುವ ತೊಗರಿ. ಓಡಿಹೋಗಿ ಅಡ್ಡ ನಿಂತೆ. "ದಾರಿ ಬಿಡೇ! ಹುಳ ಬಿದ್ದು ಬೆಳೆಯೆಲ್ಲಾ ಹೋಗ್ತಿದೆ, ನಾನು ನೋಡ್ತಾ ಕೂರ್ಲಾ? ನಿಮ್ಮಮ್ಮಂಗೆ ಹೇಳು, ಕಿಟಕಿ ಮುಚ್ಕೊಳ್ಲಿ" ಎಂದ. ಅಮ್ಮ ಹೋಗಿ ಎಷ್ಟು ವರ್ಷವಾಯಿತು, ಇಯನ್! ನಾನು ಕೀಲಿ ಕಿತ್ತುಕೊಳ್ಳುವಷ್ಟರಲ್ಲಿ ಅರ್ಧ ಹೊಲಕ್ಕೆ ಔಷಧಿ ಬಿದ್ದಾಗಿತ್ತು.

ನಮಗೆ ಇದನ್ನೆಲ್ಲ ಕಲಿಸಿದವನೇ ಅವನಲ್ಲವೇ? ಎಲೆಯಲ್ಲೇ ವಿಷ ಇಟ್ಟುಕೊಂಡ ಈ ಹತ್ತಿ ಮೊದಲು ಬಂದಾಗ, ಪಕ್ಕದಲ್ಲಿ ತೊಗರಿ ಯಾಕೆ ಬೇಕೆಂದು ನೀನು ಕೇಳಿದ್ದೆ. "ನಮ್ಮ ಹತ್ತಿ ತಿಂದೂ ಬದುಕಿದ ಪುಂಡ ಪತಂಗ ಒಂದಿರತ್ತೆ ಕಣೋ. ಅದಕ್ಕೆ ತೊಗರಿಲಿ ಬೆಳೆದ ಸಾಧು ಪತಂಗ ಗಂಟು ಬೀಳ್ಬೇಕು. ಆಗ ಮರಿಗಳು ಹತ್ತಿ ತಿಂದ್ರೆ ಸಾಯ್ತವೆ. ಪುಂಡರಿಗೆ ಪುಂಡರೇ ಸಿಕ್ರೆ ನಮ್ಮ ಕಥೆ ಮುಗೀತು" ಎಂದು ಹೇಳಿ ಅವನೇ ಬಿದ್ದು ಬಿದ್ದು ನಕ್ಕಿದ್ದ.

ಯಾರೂ ನೋಡಿರಲಿಲ್ಲ. ಹೊಲಹೊಲಕ್ಕೆ ಬಂದು ಬೆಳೆ ಪರೀಕ್ಷಿಸುವ ಟ್ರೆವರ್ ಬರುವುದಕ್ಕೆ ಇನ್ನೂ ಸಮಯವಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಹೇಳಿದರೆ ಅಪ್ಪನ ಸ್ಥಿತಿ ಊರಿಗೆಲ್ಲ ತಿಳಿಯುತ್ತದೆ, ಅದೇ ನನ್ನ ಸಂಕಟ. ಆದರೆ ನಮ್ಮ ಹೊಲದ ಪುಂಡ ಪತಂಗ ಬೇಲಿ ನೋಡಿ ನಿಲ್ಲುತ್ತದೆಯೇ? ಕೊನೆಗೆ ನಾನೇ ಟ್ರೆವರ್‌ನನ್ನು ಕರೆಸಿ ಹೇಳಿದೆ. ಅವನು ಟೋಪಿ ತೆಗೆದು, ತೊಗರಿ ಸಾಲಿಗಿಳಿದು ಎಲೆ ಮಗುಚಿ ನೋಡಿದ. "ನನಗೆ ಕೆಲಸ ಕಲಿಸಿದ್ದು ನಿಮ್ಮಪ್ಪ, ಮೋರಾ" ಎಂದಷ್ಟೇ ಅಂದ.

ಸುದ್ದಿ ಬೇಲಿ ದಾಟಿತು. ಪಕ್ಕದ ಹೊಲದ ಗ್ಲೆನಿಸ್ ಬಂದವಳೇ, "ಏನಮ್ಮಾ, ಹುಳಾನ ಊಟಕ್ಕೆ ಕರೆದು ವಿಷ ಬಡಿಸಿದ್ರಂತೆ!" ಎಂದಳು. ನನ್ನ ಮುಖ ನೋಡಿ ನಗು ನಿಲ್ಲಿಸಿ, ಒಳಗೆ ಹೋಗಿ ತಾನೇ ಟೀ ಮಾಡಿದಳು. ಅವಳ ಹೊಲದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತೊಗರಿ ಇದೆ. ಅದನ್ನು ನಮ್ಮ ಪಾಲಿಗೆ ಸೇರಿಸಿಕೊಳ್ಳಿ ಎಂದಳು. ಇಷ್ಟು ಹತ್ತಿಗೆ ಇಷ್ಟು ತೊಗರಿ ಎಂದು ಕರಾರು ಮಾಡಿಸಿಕೊಂಡಿರುವ ಬೀಜದ ಕಂಪನಿಯವರೂ ಟ್ರೆವರ್‌ನ ಮಾತಿಗೆ ಈ ವರ್ಷದ ಮಟ್ಟಿಗೆ ಒಪ್ಪಿದ್ದಾರೆ. ಹತ್ತಿ ಬಿಡಿಸಿದ ಕೂಡಲೇ ಹೊಲ ಉತ್ತು, ಮಣ್ಣಿನೊಳಗೆ ಮಲಗಿರುವ ಹುಳದ ಕೋಶಗಳನ್ನು ಒಡೆಯಬೇಕು. ಅದಕ್ಕೆ ನೀನು ಬರಲೇಬೇಕು.

ಮೈ ಜೋಪಾನ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಅಪ್ಪ ನಿನ್ನನ್ನು ದಿನವೂ ನೆನೆಯುತ್ತಾನೆ.

ನಿನ್ನ ಅಕ್ಕ,
ಮೋರಾ

ಮರೆತಿದ್ದೆ: ನಿನ್ನೆ ಅಪ್ಪನ ತಲೆ ತಿಳಿಯಾಗಿತ್ತು. ತೊಗರಿ ನೋಡಿಬಂದು ಕೆಂಡವಾದ. "ಔಷಧಿ ಹೊಡೆದೋನು ಯಾರೇ? ಇಯನ್ನೇ ತಾನೆ? ಇಷ್ಟು ಹೇಳಿಕೊಟ್ರೂ ಬುದ್ಧಿ ಬರ್ಲಿಲ್ವಲ್ಲ ಅವನಿಗೆ!" ಎಂದ. ನಾನು ಹೌದು ಅಂದುಬಿಟ್ಟೆ. ಬಂದಾಗ ಎದುರಾಡಬೇಡ, ತಲೆ ತಗ್ಗಿಸಿ ಬೈಸಿಕೋ. ಬೇಗ ಬಾ ತಮ್ಮಾ, ಬೈಯಬೇಕೆಂಬುದು ಅವನಿಗೆ ನೆನಪಿರುವಾಗಲೇ ಬಾ.