ಗ್ರಾಫೈಟೋ ಎಣ್ಣೆಯೋ

ಜನವರಿ 14, ಶನಿವಾರ

ಮೂರನೇ ಚಕ್ರ — ತಿರುಗಿಸಿ ಬಿಟ್ಟರೆ ನಿಲ್ಲುವವರೆಗೆ 22 ಸೆಕೆಂಡು. ಸಾಲದು. ಮತ್ತೆ ಬಿಚ್ಚಿದೆ. ಅಚ್ಚಿನ ಮೊಳೆಗೆ ಉಪ್ಪುಕಾಗದ, ಚಕ್ರದ ತೂತಿಗೆ ಜಾರಲೆಂದು ಗ್ರಾಫೈಟ್ ಪುಡಿ. ತಿರುಗಿಸು, ಕೊಡವು, ಮತ್ತೆ ತುಂಬು... ಆರನೇ ಸಲಕ್ಕೆ 31. ಮ್ಯಾರಿಟ್ ಕೂಗಿ ಕೂಗಿ ಎಣಿಸಿದಳು. ಅವಳ ಮೂಗಿನ ತುದಿಯೆಲ್ಲ ಕಪ್ಪು. ನಕ್ಕೆ.

"ನಿನ್ ಗಡ್ಡಾನೂ ಕಪ್ಪಾಗಿದೆ ಅಪ್ಪಾ. ವಯಸ್ಸೇ ಇಳಿದೋಯ್ತು."

ಒಂಬತ್ತು ವರ್ಷಕ್ಕೆ ಈ ಬಾಯಿ!

ಸ್ಕೌಟ್ ಮಕ್ಕಳ ಮರದ ಕಾರು ಪಂದ್ಯಕ್ಕೆ ಇನ್ನು ಮೂರು ವಾರ. ಕಾರು ಚೀಸ್ ತುಂಡಿನ ಹಾಗೆಯೇ ಇರಬೇಕಂತೆ, ಅಪ್ಪ ಚೀಸ್ ಫ್ಯಾಕ್ಟರಿಯಲ್ಲಿ ಯಂತ್ರಗಳಿಗೆ ಗ್ರೀಸ್ ಹಚ್ಚುವವನಲ್ಲವೇ. ಹಳದಿ ಬಣ್ಣ, ಮುಂದೆ ಚೂಪು, ಹಿಂದೆ ದಪ್ಪ. ಅಡ್ಡಿಯಿಲ್ಲ. ಎಂಜಿನ್ನಿಲ್ಲದ ಕಾರು, ಇಳಿಜಾರಿನಲ್ಲಿ ತಾನೇ ಉರುಳಬೇಕು. ಚಕ್ರ ಸಲೀಸಾದರೆ ಮುಕ್ಕಾಲು ಪಾಲು ಗೆದ್ದ ಹಾಗೆ.

ಜನವರಿ 15, ಭಾನುವಾರ. ಸಂಜೆ 6

ಮ್ಯಾರಿಟ್‌ಳನ್ನು ಅವಳ ಅಮ್ಮನ ಮನೆಗೆ ಬಿಟ್ಟು ಬಂದೆ. ಹೈಡಿ ಬಾಗಿಲಲ್ಲೇ ನಿಲ್ಲಿಸಿದಳು.

"ಕರ್ಟ್, ಡ್ವೇನ್‌ಗೆ ಡುಲುತ್‌ನಲ್ಲಿ ಕೆಲಸ ಸಿಕ್ಕಿದೆ. ಜೂನ್‌ಗೆ ಹೊರಡ್ತೀವಿ."

ಡ್ವೇನ್ — ಅವಳ ಈಗಿನ ಗಂಡ.

"ಮ್ಯಾರಿಟ್?"

"ಅವಳನ್ನೇ ಕೇಳಿದೀನಿ. ನಮ್ ಜೊತೆ ಬರ್ತಾಳೋ, ನಿನ್ ಹತ್ರ ಇರ್ತಾಳೋ. ಪಂದ್ಯ ಮುಗೀಲಿ, ಹೇಳ್ತೀನಿ ಅಂದ್ಲು. ನೀನು ಒತ್ತಾಯ ಮಾಡ್ಬೇಡ."

"ನಾನ್ಯಾಕೆ ಮಾಡ್ಲಿ?"

ಡುಲುತ್ ಮೂರು ಗಂಟೆ ದಾರಿ. ಈಗ ತಿಂಗಳಿಗೆ ಎರಡು ವಾರಾಂತ್ಯವಾದರೂ ಸಿಗುತ್ತಾಳೆ. ಆಮೇಲೆ? ಗೆಲ್ಲಬೇಕು. ಗೆದ್ದರೆ ನನ್ನ ಹತ್ತಿರ ಉಳಿಯುತ್ತಾಳೆ... ಹೀಗೆ ಲೆಕ್ಕ ಹಾಕುವುದು ನಾಚಿಕೆಗೇಡು. ಆದರೂ ಹಾಕುತ್ತಿದ್ದೇನೆ.

ಜನವರಿ 21, ಶನಿವಾರ

ಒಬ್ಬನೇ. ಈ ವರ್ಷದಿಂದ ಪಂದ್ಯಕ್ಕೆ ಎಣ್ಣೆಯೂ ನಡೆಯುತ್ತದಂತೆ, ಓಟದ ಹಲಗೆ ಮೇಲೆ ತೊಟ್ಟಿಕ್ಕದಿದ್ದರೆ ಸಾಕು. ಹೋದ ವರ್ಷದ ಕಾರು ತೆಗೆದು ಗ್ಯಾರೇಜಿನಲ್ಲಿ ಪರೀಕ್ಷೆ. ಗ್ರಾಫೈಟ್ ಹತ್ತು ಸಲ. ತೊಳೆದು, ಒಣಗಿಸಿ, ಎಣ್ಣೆ ಹತ್ತು ಸಲ.

ಎಣ್ಣೆಯೇ ಮುಂದೆ. ಪ್ರತಿ ಸಲವೂ. ಕೂದಲೆಳೆಯಷ್ಟು — ಆದರೆ ಮುಂದೆ.

ಬರೆದಿಟ್ಟ ಹಾಳೆ ಹರಿದು ಹಾಕಿದೆ. ಎಣ್ಣೆ ಅಂತ ಮೊದಲು ಬಾಯಿ ಬಿಟ್ಟವನು ಡ್ವೇನ್. ಕ್ರಿಸ್ಮಸ್ ದಿನ, ನನ್ನ ಮಗಳ ಪಕ್ಕದಲ್ಲೇ ಕೂತು, "ಈಗೆಲ್ಲ ಎಣ್ಣೆ ಕಣಪ್ಪ, ಗ್ರಾಫೈಟು ಅಜ್ಜಂದಿರ ಕಾಲದ್ದು" ಅಂದಿದ್ದ. ನಮ್ಮದು ಗ್ರಾಫೈಟೇ. ಏನಾದರಾಗಲಿ.

ಜನವರಿ 28, ಶನಿವಾರ

"ಅಪ್ಪಾ, ಡ್ವೇನ್ ಒಂದ್ ಪುಟ್ಟ ಬಾಟ್ಲಿ ಎಣ್ಣೆ ತಂದಿದಾನೆ. ಸೂಜಿ ಥರ ಮೂತಿ."

"ಹಾಗಾದ್ರೆ ಅವನ ಕೈಲೇ ಹಾಕಿಸ್ಕೋ."

"ಇಲ್ಲಪ್ಪ. ಸುಮ್ನೆ ಹೇಳ್ದೆ."

ಆಮೇಲೆ ಅರ್ಧ ಗಂಟೆ ಚಕ್ರ ತಿರುಗಿಸುತ್ತಾ ಕೂತಳು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಬರೆಯಲಿ.

ಜನವರಿ 29, ಭಾನುವಾರ

ನಾಲ್ಕೂ ಚಕ್ರ 34ರ ಮೇಲೆ! ಮುಂದಿನ ವಾರಾಂತ್ಯ ಅವರದು. ಶುಕ್ರವಾರ ಹೈಡಿಯೇ ಕಾರನ್ನು ಪಂದ್ಯ ನಡೆಯುವ ಚರ್ಚಿನಲ್ಲಿ ಒಪ್ಪಿಸುತ್ತಾಳೆ. ಆಮೇಲೆ ಬೀಗ, ಯಾರೂ ಮುಟ್ಟುವಂತಿಲ್ಲ. ಶೂ ಡಬ್ಬಿಗೆ ಹತ್ತಿ ಹಾಸಿ ಕೊಟ್ಟೆ.

"ಚಕ್ರ ಯಾರಿಗೂ ಮುಟ್ಟೋಕೆ ಬಿಡ್ಬೇಡ. ಯಾರಿಗೂ."

ತಲೆಯಾಡಿಸಿದಳು.

ಫೆಬ್ರವರಿ 4, ಶನಿವಾರ. ಮಧ್ಯಾಹ್ನ 3

ಬರೆಯಲು ಕೈ ಬರುತ್ತಿಲ್ಲ.

ಚರ್ಚಿನ ನೆಲಮಾಳಿಗೆ. ನಾಲ್ಕು ಕಾರು ಒಟ್ಟಿಗೆ ಬಿಟ್ಟರು. ನಮ್ಮ ಹಳದಿ ಚೀಸು ಇಳಿಜಾರು ಇಳಿಯಿತು, ಸಮತಟ್ಟಿಗೆ ಬಂತು, ನಿಂತಿತು. ಗೆಲುವಿನ ಗೆರೆಗೆ ಇನ್ನೂ ಮೂರಡಿ ಇತ್ತು. ಎರಡನೇ ಸುತ್ತಿನಲ್ಲೂ ಅದೇ. "ಚೀಸ್ ಕರಗೋಯ್ತು!" ಅಂತ ಯಾರದೋ ಮಗು ಕೂಗಿತು. ಎಲ್ಲ ನಕ್ಕರು. ಮ್ಯಾರಿಟ್ ಕೂಡ ನಕ್ಕಳು. ಆ ನಗು ನೋಡಲಾಗಲಿಲ್ಲ.

ಎತ್ತಿ ಬೆರಳಿಟ್ಟೆ. ಅಚ್ಚಿನ ಸುತ್ತ ಕಪ್ಪು ಅಂಟು. ಗ್ರಾಫೈಟ್ ಮೇಲೆ ಎಣ್ಣೆ ಬಿದ್ದಿದೆ. ಎರಡೂ ಸೇರಿದರೆ ಕೆಸರೇ. ಫ್ಯಾಕ್ಟರಿಗೆ ಸೇರಿದ ಮೊದಲ ದಿನವೇ ಕಲಿಸುವ ಪಾಠ ಇದು.

ಡ್ವೇನ್ ಕೈಯಲ್ಲಿ ಹಾಟ್‌ಡಾಗ್ ತಟ್ಟೆ ಹಿಡಿದು ನಿಂತಿದ್ದ. ಹೋಗಿ ಕೂಗಾಡಿದೆ. ಬೇಕಂತಲೇ ಮಾಡಿದ್ದೀಯ, ನನ್ನ ಮಗಳೆದುರು ನನ್ನ ಮಾನ ಕಳೆಯೋಕೆ ಮಾಡಿದ್ದೀಯ ಅಂದೆ. ಇನ್ನೂ ಏನೇನೋ. ಮಕ್ಕಳ ಮುಂದೆ ಆಡಬಾರದ್ದು.

"ಅವ್ಳನ್ನ ಕೇಳೇ ಹಾಕಿದ್ದು ಮಾರಾಯ. ಇದೇನ್ ಕಪ್ಪಿದೆ, ಅಪ್ಪ ಪುಡಿ ಹಾಕಿದಾನಾ ಅಂದೆ. ಇಲ್ಲ, ಬರೀ ಕೊಳೆ ಅಂದ್ಲು."

ಮ್ಯಾರಿಟ್ ನಮ್ಮಿಬ್ಬರ ನಡುವೆ ಬಂದು ನಿಂತಳು. "ಅವ್ನು ನಂಗೋಸ್ಕರ ತಂದಿದ್ದ ಅಪ್ಪಾ. ಬೇಡ ಅಂದ್ರೆ ಅವ್ನಿಗೆ ಬೇಜಾರು. ನಿಂಗೆ ಹೇಳಿದ್ರೆ ನಿಂಗೆ ಬೇಜಾರು."

ಅಲ್ಲಿಗಾದರೂ ಬಾಯಿ ಮುಚ್ಚಬೇಕಿತ್ತು.

"ಅದಕ್ಕೆ ಎಲ್ಲಾ ಹಾಳ್ ಮಾಡೋದಾ? ನಾನೇನ್ ಹೇಳಿ ಕಳ್ಸಿದ್ದೆ ನಿಂಗೆ?" ಅವಳ ಮುಖಕ್ಕೇ ಕೂಗಿದೆ. ಹೈಡಿ ಅವಳ ಕೋಟು ತಂದಳು.

ಫೆಬ್ರವರಿ 9, ಗುರುವಾರ

ಕಾರು ನನ್ನ ಹತ್ತಿರವೇ ಉಳಿದಿದೆ. ಸ್ಪಿರಿಟ್‌ನಲ್ಲಿ ತೊಳೆದೆ. ಏನೂ ಹಚ್ಚಲಿಲ್ಲ.

ಎಣ್ಣೆಯೇ ಓಡುತ್ತದೆಂದು ಗೊತ್ತಿದ್ದೂ ಮುಚ್ಚಿಟ್ಟವನು ನಾನು. ಅವಳು ಸುಳ್ಳು ಹೇಳಿದ್ದು ಯಾರಿಗೂ ನೋವಾಗಬಾರದೆಂದು. ನಾನು ಮುಚ್ಚಿಟ್ಟದ್ದು ಡ್ವೇನ್ ಮಾತು ಗೆಲ್ಲಬಾರದೆಂದು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ...

ಹೈಡಿಗೆ ಮೂರು ಸಲ ಫೋನ್ ಮಾಡಿದೆ. "ಅವ್ಳಿಗೆ ಸ್ವಲ್ಪ ಟೈಮ್ ಕೊಡು" ಅಷ್ಟೇ. ನಾಳೆ ಶುಕ್ರವಾರ, ಅವಳು ನನ್ನ ಹತ್ತಿರ ಬರುವ ಸರದಿ. ಎದುರಿಗೆ ಕೂರಿಸಿಕೊಂಡು ತಪ್ಪಾಯ್ತು ಅನ್ನಬೇಕು.

ಫೆಬ್ರವರಿ 10, ಶುಕ್ರವಾರ. ಸಂಜೆ 7

ಮೀನು ಫ್ರೈ ಎರಡು ಪೊಟ್ಟಣ ತಂದಿದ್ದೆ. ಆರೂವರೆಗೆ ಹೈಡಿಯ ಮೆಸೇಜ್ — ಮ್ಯಾರಿಟ್‌ಗೆ ಹೊಟ್ಟೆನೋವಂತೆ, ಈ ವಾರ ಬರುವುದಿಲ್ಲವಂತೆ. ನೆಪವಲ್ಲ, ನಿಜವೇ ಇರುತ್ತದೆ. ನಾನು ಕೂಗಾಡಿದರೆ ಅವಳಿಗೆ ಹೊಟ್ಟೆ ನೋಯುತ್ತದೆ, ಚಿಕ್ಕಂದಿನಿಂದಲೂ. ಎರಡೂ ಪೊಟ್ಟಣ ಬಿಚ್ಚಿಲ್ಲ.

ಫೆಬ್ರವರಿ 12, ಭಾನುವಾರ

ಅವಳೇ ಫೋನ್ ಮಾಡಿದಳು.

"ಅಪ್ಪಾ, ಯೋಚ್ನೆ ಮಾಡ್ದೆ. ಡುಲುತ್‌ಗೆ ಹೋಗ್ತೀನಿ."

ತಪ್ಪಾಯ್ತು ಮರಿ ಅಂದೆ. ಎಣ್ಣೆಯ ಪರೀಕ್ಷೆ, ಹರಿದ ಹಾಳೆ, ಎಲ್ಲ ಹೇಳಿದೆ. "ಪರ್ವಾಗಿಲ್ಲಪ್ಪ" ಅಂದಳು, ದೊಡ್ಡವರ ಹಾಗೆ. ಡ್ವೇನ್ ಅಂದ್ರೆ ಅಷ್ಟು ಇಷ್ಟಾನಾ — ಕೇಳಿಯೇಬಿಟ್ಟೆ. ಬುದ್ಧಿ ಎಲ್ಲಿ ಬಂತು ನನಗೆ.

"ಅದಕ್ಕಲ್ಲ. ನಾನು ದೂರ ಹೋದ್ರೆ ನೀವಿಬ್ರೂ ಜಗಳ ಆಡೋಕೆ ಏನೂ ಇರಲ್ಲ ಅಲ್ವಾ."

ಹಾಗಲ್ಲ ಕಣೇ, ನಿನ್ನ ಬಿಟ್ಟರೆ ನನಗೆ ಯಾರಿದ್ದಾರೆ... ತುಟಿಯವರೆಗೆ ಬಂತು. ಅಂದಿದ್ದರೆ ಉಳಿಯುತ್ತಿದ್ದಳು. ನನಗೆ ಬೇಜಾರಾಗದಿರಲಿ ಅಂತ ಉಳಿಯುತ್ತಿದ್ದಳು. ಅದಕ್ಕೇ ಅನ್ನಲಿಲ್ಲ. ಅಲ್ಲಿ ದೊಡ್ಡ ಸರೋವರ ಇದೆ, ಹಡಗು ಬರುತ್ತವೆ ಅಂದೆ.

"ನಿಂಗೆ ಬೇಜಾರಿಲ್ವಾ?"

"ಇಲ್ಲ. ಒಂಚೂರೂ ಇಲ್ಲ."

"ಸರಿ" ಅಂದು ಫೋನ್ ಇಟ್ಟಳು. ತೀರಾ ಸಣ್ಣ ದನಿ. ಹಾಗನ್ನಬಾರದಿತ್ತೇನೋ. ಅವಳು ಅದನ್ನು ನಿಜ ಅಂತ ನಂಬಿ, ಅಪ್ಪನಿಗೆ ನಾನು ಬೇಡ ಅಂದುಕೊಂಡರೆ —