ಬೇವಿನ ಮರದ ಕೆಳಗಿನ ದೋಣಿಗೆ ವಿಮೆ

ರೀ,

ದೋಣಿಯ ವಿಮೆ ಆಯಿತು. ನಿನ್ನೆ ಕಣ್ತುಂಬ ನಿದ್ದೆ ಮಾಡಿದೆ, ಇನ್ನು ಆ ಮಾತು ಎತ್ತಬೇಡಿ.

ನಿಮ್ಮ ಸೋದರಮಾವನ ಮಗ ಕಲ್ಲೇಶ ತಂದ ಪಾಲಿಸಿ ಬೇಡವೆಂದೆ. ದೋಣಿ ನೀರಿನಲ್ಲಿದ್ದರೆ ಮಾತ್ರ ಆ ಕಂಪನಿಯವರು ಪರಿಹಾರ ಕೊಡುತ್ತಾರಂತೆ. ನಮ್ಮದು ಎಲ್ಲೋ ಒಂದು ಭಾನುವಾರ ರಾಮಟೇಕಿನ ಕೆರೆ ಕಂಡರೆ ಹೆಚ್ಚು, ಉಳಿದ ದಿನವೆಲ್ಲ ಅಂಗಳದ ಬೇವಿನ ಮರದ ಕೆಳಗೇ! ಸಂಬಂಧಿಕ ಎಂದು ನೀವು ಕಣ್ಣು ಮುಚ್ಚಿ ಸಹಿ ಹಾಕಲು ಹೊರಟಿದ್ದಿರಿ. ಅತ್ತೆ ದಿನಾ ಅದರಲ್ಲೇ ಕೂತು ಮೆಂತೆ ಸೊಪ್ಪು ಸೋಸುತ್ತಾರೆ. ಮೊನ್ನೆ ಕೊಂಬೆ ಮುರಿದು ದೋಣಿಯ ಮೇಲೆ ಬಿದ್ದಾಗ, ಚಹಾಕ್ಕೆಂದು ಒಳಗೆ ಬಂದಿದ್ದರಿಂದ ಬಚಾವಾದರು. ಮರೆತಿರಾ?

ಹಾಗಾಗಿ ಎಲ್ಲ ಕಂಪನಿಗಳಿಗೂ ಒಂದೇ ಪ್ರಶ್ನೆ ಕೇಳಿದೆ: ಮನೆ ಮುಂದೆ ನಿಂತ ದೋಣಿಗೆ, ಅದರಲ್ಲಿ ಕೂತವರಿಗೆ ಏನಾದರೂ ಆದರೆ ಕೊಡುತ್ತೀರಾ? ಒಬ್ಬರು ನಕ್ಕರು, ಇನ್ನೊಬ್ಬರು ಫೋನೇ ಇಟ್ಟುಬಿಟ್ಟರು. ಧರಮಪೇಠದ ಆಫೀಸಿನವರು ಮಾತ್ರ ಹೂಂ ಎಂದು ಬರೆದುಕೊಟ್ಟರು.

ಕಲ್ಲೇಶ ಮುನಿಸಿಕೊಂಡಾನೆಂದು ಹೆದರಿದ್ದೆ. ಅವನೇ, "ವೈನಿ, ನಿಮ್ಮದು ಬರೋಬರ್ ಐತಿ, ಜಲ್ದಿ ಮಾಡಿಸ್ರಿ" ಎಂದ. ರಾತ್ರಿ ಊಟಕ್ಕೆ ಕರೆದಿದ್ದೇನೆ.

ನಾನು ಉಮರೇಡಿಗೆ ಹೊರಟೆ, ಸಂಜೆಯೊಳಗೆ ಬರುತ್ತೇನೆ. ಹಿಟ್ಟು ನಾದಿಟ್ಟಿದ್ದೇನೆ, ಮುಚ್ಚಿಡಿ. ಉಳಿದ ಕೊಂಬೆ ಕಡಿಯುವವರು ಮಧ್ಯಾಹ್ನ ಬರುತ್ತಾರೆ. ಅದಕ್ಕೂ ಮೊದಲು ಅತ್ತೆಯನ್ನು ದೋಣಿಯಿಂದ ಇಳಿಸಿ. ವಿಮೆ ಆಯಿತೆಂದು ಕೇಳಿದ್ದೇ ತಡ, "ಇನ್ನೇನ್ ಅಂಜಿಕಿ?" ಎಂದು ದಿಂಬು ಹಿಡಿದು ಹೋಗಿ ಅಲ್ಲೇ ಮಲಗಿದ್ದಾರೆ.

ಬರೀ ಕರೆದರೆ ಇಳಿಯುವುದಿಲ್ಲ. ಒಳಗೆ ಚಹಾ ಕುದಿಸಿ, ಶುಂಠಿ ಜಾಸ್ತಿ ಹಾಕಿ. ಮೊನ್ನೆಯೂ ಅವರನ್ನು ಉಳಿಸಿದ್ದು ಅದೇ.

ದಾಕ್ಷಾಯಿಣಿ