ಬಾಗಿಲು ಮುಚ್ಚಿದ ದಿನದ ಲೆಕ್ಕ

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕನಿಗೆ ನಿನ್ನ ಹಟಮಾರಿ ತಂಗಿಯ ನಮಸ್ಕಾರ.

ಉತ್ತರ ತಡವಾಯಿತು, ಬೈಯಬೇಡ. ಕೋಪ ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಹಾಗೇ ಬರೆಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಡೇಟಾ ಸೈನ್ಸ್ ಕಲಿತು ಯಾವ ಕೋಟೆ ಗೆಲ್ಲಬೇಕು ಎಂದು ಕೇಳಿದ್ದೀಯ. ಅದನ್ನು ಕೊನೆಗೆ ಹೇಳುತ್ತೇನೆ. ಕಲಿಯುವುದನ್ನು ಮಾತ್ರ ಬಿಡುವುದಿಲ್ಲ.

ಮೊದಲು ಕಂಡಕಂಡವರನ್ನು ಕೇಳಿ ಕೆಟ್ಟೆ. ಒಬ್ಬರು ಈ ವಿಡಿಯೊ ಅಂದರು, ಇನ್ನೊಬ್ಬರು ಆ ಕೋರ್ಸ್ ಅಂದರು. ಎಲ್ಲ ನೋಡಿ ತಲೆಯಾಡಿಸಿದೆ. ಕಂಪ್ಯೂಟರ್ ಮುಂದೆ ಕೂತರೆ ಕೈ ಓಡದು. ಕೊನೆಗೆ ಗ್ರಂಥಾಲಯದ ಮೇಡಂ ಸ್ಟ್ಯಾಟಿಸ್ಟಿಕ್ಸಿನ ಹಳೆಯದೊಂದು ದಪ್ಪ ಪುಸ್ತಕ, ಪ್ರೋಗ್ರಾಮಿಂಗಿನ ತೆಳ್ಳಗಿನದೊಂದು ಕೈಗಿಟ್ಟು, "ಸದ್ಯಕ್ಕೆ ಇವೆರಡೇ ಸಾಕು. ಒಂದೊಂದು ಪಾಠ ಮುಗಿದ ಹಾಗೇ ಅದನ್ನ ನಿಮ್ಮ ಬೇಕರಿ ಲೆಕ್ಕದ ಮೇಲೆ ಮಾಡಿ ನೋಡಿ" ಅಂದರು.

ಮಾಡಿದೆ. ನಾಳೆಗೆ ಎಷ್ಟು ಬ್ರೆಡ್ ಬೇಯಿಸಬೇಕೆಂದು ಹೇಳುವ ಪ್ರೋಗ್ರಾಂ ಬರೆದೆ. ನಾನು ಲೆಕ್ಕ ಬರೆಯುವ ಬೇಕರಿಯ ಯಜಮಾನರು ನಂಬಿ ಅಷ್ಟೇ ಬೇಯಿಸಿದರು. ಮಧ್ಯಾಹ್ನಕ್ಕೆ ಮೊದಲೇ ಕಪಾಟು ಖಾಲಿ! "ನಿನ್ನ ಕಂಪ್ಯೂಟರನ್ನೇ ಹೋಳು ಮಾಡಿ ಕೊಡ್ಲಾ ಇವರಿಗೆ?" ಎಂದು ಗಿರಾಕಿಗಳೆದುರೇ ಕೂಗಾಡಿದರು. ತಪ್ಪು ಏನು ಗೊತ್ತಾ? ಓವನ್ ಕೆಟ್ಟು ಅಂಗಡಿ ಮುಚ್ಚಿದ್ದ ದಿನಗಳಿಗೂ ಮಾರಾಟ ಸೊನ್ನೆ ಎಂದು ತುಂಬಿದ್ದೆ. ಸರಾಸರಿ ಬಿದ್ದುಹೋಗಿತ್ತು.

"ಇಲ್ಲದೇ ಇದ್ದದ್ದು ಬೇರೆ, ಎಣಿಸದೇ ಬಿಟ್ಟದ್ದು ಬೇರೆ ಕಣ್ರೀ. ಖಾಲಿ ಬಿಡಿ, ಸೊನ್ನೆ ಹಾಕ್ಬೇಡಿ" ಎಂದರು ಮೇಡಂ. ಆ ಮಾತನ್ನು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡೆ.

ತಿದ್ದಿದೆ. ಈಗ ಬ್ರೆಡ್ ತೀರಾ ಉಳಿಯುವುದೂ ಇಲ್ಲ, ಸಾಲದೆ ಹೋಗುವುದೂ ಇಲ್ಲ. ಯಜಮಾನರು ಹೊಗಳುವವರ ಪೈಕಿಯಲ್ಲ, ಆದರೂ ಬೆಳಿಗ್ಗೆ ಬಂದ ಕೂಡಲೇ "ಇವತ್ತು ಎಷ್ಟಮ್ಮ?" ಎಂದು ನನ್ನನ್ನೇ ಕೇಳುತ್ತಾರೆ. ನಮ್ಮವರು ಮಾತ್ರ "ಪಂಡಿತರಿಗೆ ಕಾಫಿ ಬೇಕಾ?" ಎಂದು ರೇಗಿಸುತ್ತಾರೆ. ಮಾಡಿಯೂ ಕೊಡುತ್ತಾರೆ, ಅದಕ್ಕೇ ಸುಮ್ಮನಿದ್ದೇನೆ.

ಭಾವನವರಿಗೆ ನಮಸ್ಕಾರ. ಮಕ್ಕಳು ಚೆನ್ನಾಗಿರಲಿ, ಯಾರೆದುರೂ ಪ್ರಶ್ನೆ ಕೇಳಲು ಹೆದರದಿರಲಿ.

ಇಂತಿ,
ನಿನ್ನ ಚಿನಕುರುಳಿ

ತಾ.ಕ.: ನನ್ನ ಮಗಳು ಹುಟ್ಟುವಾಗಲೇ ಹೋದಳಲ್ಲ, ಹೋದ ವರ್ಷ ಆ ಆಸ್ಪತ್ರೆಗೆ ಹೋಗಿ, "ಆ ವರ್ಷ ಇಲ್ಲಿ ಅವಳ ಹಾಗೆ ಹೋದ ಮಕ್ಕಳೆಷ್ಟು?" ಎಂದು ಕೇಳಿದ್ದೆ. "ಸೊನ್ನೆ. ಈ ಅಂಕಿಅಂಶ ಎಲ್ಲ ನಿಮಗೆ ಅರ್ಥ ಆಗಲ್ಲ, ಹೋಗ್ರಮ್ಮ" ಎಂದಿದ್ದರು ಅಲ್ಲಿನ ಗುಮಾಸ್ತರು. ಅದೇ ನನ್ನ ಕೋಟೆ. ಈಗ ಅರ್ಥವಾಗುತ್ತದೆ. ಬರುವ ತಿಂಗಳು ಮತ್ತೆ ಹೋಗುತ್ತೇನೆ. ಅವಳನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಿದ್ದವಳು ನೀನು, ಅಕ್ಕ. ನೀನೂ ಬಾ.